ಇಲ್ಲದ ಊರನ್ನು ಹೊತ್ತ ಬಂಡೆಗಳು

ರಾಮನಗರದ ರಾಮದೇವರ ಬೆಟ್ಟಕ್ಕೆ ಬರುವ ಎಷ್ಟೋ ಜನ ಹುಡುಕುವುದು ಈ ಭೂಮಿಯ ಮೇಲೆ ಎಂದೂ ಇರದ ಒಂದು ಊರನ್ನು! ಠಾಕೂರನ ಮನೆ ಎಲ್ಲಿತ್ತು, ವೀರು ಕುಡಿದು ಹತ್ತಿದ ನೀರಿನ ಟ್ಯಾಂಕು ಯಾವ ಕಡೆ, ಗಬ್ಬರ್ ಓಡಾಡಿದ ಬಂಡೆ ಯಾವುದು ಎಂದು ನೆಂಟರ ಮನೆಯ ದಾರಿ ಕೇಳಿದಷ್ಟು ಸಲೀಸಾಗಿ ಕೇಳುತ್ತಾರೆ. ಅವರಲ್ಲಿ ಅನೇಕರು ಆ ಸಿನಿಮಾ ತೆರೆಕಂಡಾಗ ಹುಟ್ಟಿಯೇ ಇರಲಿಲ್ಲ.

ಆ ಊರು ರಾಮಗಢ. 1973ರ ಅಕ್ಟೋಬರ್‌ನಲ್ಲಿ ರಮೇಶ್ ಸಿಪ್ಪಿ ‘ಶೋಲೆ’ಯ ಚಿತ್ರೀಕರಣ ಶುರು ಮಾಡಿದರು. ಅದಕ್ಕಾಗಿ ಕಲಾ ನಿರ್ದೇಶಕ ರಾಮ್ ಯೆಡೇಕರ್ ಈ ಬಂಡೆಗಳ ನಡುವೆ ಒಂದಿಡೀ ಊರನ್ನೇ ಎಬ್ಬಿಸಿ ನಿಲ್ಲಿಸಿದರು. ಹೆದ್ದಾರಿಯಿಂದ ಓಡಾಡಲು ರಸ್ತೆಯನ್ನೂ ಹಾಕಿಸಿದರು. ಇಲ್ಲದ ಊರಿಗೆ ನಿಜವಾದ ರಸ್ತೆ! ರಾಮನಗರದ ಒಂದು ಭಾಗಕ್ಕೆ ಕೆಲಕಾಲ ಸಿಪ್ಪಿನಗರ ಎಂಬ ಹೆಸರೇ ಬಿದ್ದಿತ್ತು. ಸೆಟ್ಟು ಎಂದೋ ಹೋಯಿತು, ರಾಮಗಢ ಮಾತ್ರ ಹೋಗಲಿಲ್ಲ.

ಒಂದು ಕಥೆಯೊಳಗೆ ನಾವು ಇಷ್ಟು ಆಳಕ್ಕೆ ಇಳಿದುಬಿಡುವುದಾದರೂ ಹೇಗೆ? ರಾಧಾ ದೀಪ ಹಚ್ಚುವ ಎರಡು ಪುಟ್ಟ ದೃಶ್ಯಗಳನ್ನು ನೆನಪಿಸಿಕೊಳ್ಳಿ. ಬೇಕಾದ ಬೆಳಕು ಸಿಗದೆ ಅವಕ್ಕೇ 20 ದಿನ ಹಿಡಿಯಿತಂತೆ. ತೆರೆಯ ಮೇಲೆ ಬಂದು ಹೋಗುವುದು ಎಷ್ಟು ಹೊತ್ತು! ಆದರೆ ಆ ಮುಸ್ಸಂಜೆ ನಮ್ಮೊಳಗೆ ಇನ್ನೂ ಕತ್ತಲಾಗಿಲ್ಲ. ಗಬ್ಬರ್ ಮೊದಲು ಕಾಣಿಸಿಕೊಳ್ಳುವುದನ್ನಂತೂ ಮರೆಯುವುದುಂಟೇ? ಮುಖ ಕಾಣುವುದಿಲ್ಲ. ಬಂಡೆಯ ಮೇಲೆ ಅತ್ತಿಂದಿತ್ತ ನಡೆಯುವ ಬೂಟು, ಕೈಯಿಂದ ಜೋತುಬಿದ್ದ ಬೆಲ್ಟು, ಕಲ್ಲಿಗೆ ಅದು ತಾಗುತ್ತ ಬರುವ ಸದ್ದು, ಅಷ್ಟೇ. ಹೆದರಿಸಿದ್ದು ಗಬ್ಬರ್ ಆಗಿ ನಟಿಸಿದ ಅಮ್ಜದ್ ಖಾನ್ ಎನ್ನುತ್ತೇವೆ. ನನ್ನ ಪ್ರಕಾರ ಅರ್ಧ ಹೆದರಿಸಿದ್ದು ಆ ಕಲ್ಲು!

ಆ ಕಲ್ಲನ್ನು ಹತ್ತಿರದಿಂದ ನೋಡಬೇಕು. ಅಂಗೈ ಇಟ್ಟರೆ ತರಿತರಿ. ಬೂದು ಮೈಯಲ್ಲಿ ಅಲ್ಲಲ್ಲಿ ಹುದುಗಿದ ನಸುಗೆಂಪು ಹರಳುಗಳು, ಕೆಲವು ಹೆಬ್ಬೆರಳಿನ ಉಗುರಿಗಿಂತ ದೊಡ್ಡವು. ಮಳೆನೀರು ಇಳಿದ ಕಡೆಯೆಲ್ಲ ಉದ್ದುದ್ದ ಕಪ್ಪು ಪಟ್ಟೆ. ಭೂವಿಜ್ಞಾನಿಗಳ ಕ್ಲೋಸ್‌ಪೇಟೆ ಗ್ರಾನೈಟ್ ಇದೇ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರೇ ಕಲ್ಲಿಗೂ ಉಳಿದಿದೆ. ವಯಸ್ಸು ಸುಮಾರು 250 ಕೋಟಿ ವರ್ಷ! ವನವಾಸದಲ್ಲಿ ರಾಮ ಇಲ್ಲಿ ತಂಗಿದ್ದ ಎಂಬ ಕಥೆ ಇದರ ಮೇಲೆ ಮೊದಲು ಬಂದು ನೆಲೆಸಿತು. ಆಮೇಲೆ ಗಬ್ಬರ್ ಬಂದ. ಇವರ ನಡುವೆಯೇ ಉದ್ದಕೊಕ್ಕಿನ ರಣಹದ್ದುಗಳು ಕಡಿದಾದ ಗೋಡೆಗಳಲ್ಲಿ ಸಂಸಾರ ಮಾಡಿಕೊಂಡಿವೆ. 2012ರಲ್ಲಿ ಈ ಬೆಟ್ಟ ದೇಶದ ಮೊದಲ ರಣಹದ್ದು ಧಾಮವಾಯಿತು.

ಆದರೆ ನನ್ನನ್ನು ಕೂತಲ್ಲಿ ಕೂರಲು ಬಿಡದ ಸಂಗತಿ ಮಾಗಡಿ ಕಡೆಯದು.

1924ರಲ್ಲಿ ಇ.ಎಂ. ಫಾರ್ಸ್ಟರ್ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿ ಬರೆದರು. ಅದರ ನಡುಮಧ್ಯದಲ್ಲಿ ಮರಬಾರ್ ಗುಹೆಗಳಿವೆ. ಒಳಗೆ ಯಾರು ಏನೇ ಹೇಳಲಿ, ಗೋಡೆಗಳು ಒಂದೇ ಪ್ರತಿಧ್ವನಿಯನ್ನು ಹಿಂತಿರುಗಿಸುತ್ತವೆ. ಅಡೆಲಾ ಎಂಬ ಹುಡುಗಿ ಅಲ್ಲಿಂದ ದಿಕ್ಕೆಟ್ಟು ಹೊರಗೋಡಿ ಬರುತ್ತಾಳೆ. ಒಳಗೆ ನಡೆದದ್ದೇನು? ಫಾರ್ಸ್ಟರ್ ಹೇಳುವುದೇ ಇಲ್ಲ! ಹಾಗಾಗಿ ಓದಿದ ಪ್ರತಿಯೊಬ್ಬರೂ ಆ ಕತ್ತಲೆಯಲ್ಲಿ ಖುದ್ದು ನಿಂತು ಬರಬೇಕು. ಫಾರ್ಸ್ಟರ್‌ಗೆ ಮಾದರಿಯಾಗಿದ್ದದ್ದು ಬಿಹಾರದ ಬರಾಬರ್ ಗುಹೆಗಳು. ಇದನ್ನು ಸಿನಿಮಾ ಮಾಡಲು ಹೊರಟ ಡೇವಿಡ್ ಲೀನ್‌ಗೆ ಆ ಅಸಲಿ ಗುಹೆಗಳು ರುಚಿಸಲಿಲ್ಲ. ಅವರು ಆರಿಸಿಕೊಂಡದ್ದು ಮಾಗಡಿ ಕಡೆಯ ನಮ್ಮ ಸಾವನದುರ್ಗವನ್ನು, ಜೊತೆಗೆ ರಾಮದೇವರ ಬೆಟ್ಟವನ್ನು. ಬೆಟ್ಟವೇನೋ ಭವ್ಯ, ಕಥೆಗೆ ಬೇಕಾದ ಗುಹೆಗಳು ಮಾತ್ರ ಅಲ್ಲಿರಲಿಲ್ಲ. ಚಿತ್ರತಂಡ ಬಂಡೆಯನ್ನೇ ಕೊರೆದು ಗುಹೆಯ ಬಾಯಿಗಳನ್ನು ಮಾಡಿತು. ಸಿನಿಮಾ 1984ರಲ್ಲಿ ಬಂತು.

ಯೋಚಿಸಿ ನೋಡಿ! ಕಾಗದದ ಮೇಲೆ ಹುಟ್ಟಿ, 60 ವರ್ಷ ಓದುಗರ ತಲೆಯೊಳಗಷ್ಟೇ ಇದ್ದ ಗುಹೆ ಮಾಗಡಿಯ ಕಲ್ಲಿನಲ್ಲಿ ಬಾಯಿ ತೆರೆಯಿತು. ಕೆಂಪೇಗೌಡರ ವಂಶದ ಕೋಟೆಯಿದ್ದ ದುರ್ಗ ಅದು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಅದನ್ನು ಟಿಪ್ಪುವಿನಿಂದ ಕಿತ್ತುಕೊಂಡಿತ್ತು. ಸೈನ್ಯಗಳು ಮುತ್ತಿಗೆ ಹಾಕಿದ ಬಂಡೆಗೆ ಒಂದು ಕಾದಂಬರಿಯೂ ಉಳಿ ಹಾಕಿತಲ್ಲ! ಈಗಿನ ಮಕ್ಕಳು ಗೇಮಿನೊಳಗಿನ ಬೆಟ್ಟಗಳನ್ನು ಹತ್ತುತ್ತಾರೆ, ಯಾವ ತಿರುವಿನಲ್ಲಿ ಏನಿದೆ ಎಂದು ಕಣ್ಣುಮುಚ್ಚಿಕೊಂಡು ಹೇಳುತ್ತಾರೆ. ಅವರನ್ನೊಮ್ಮೆ ಸಾವನದುರ್ಗದ ಬುಡಕ್ಕೆ ಕರೆದುಕೊಂಡು ಬನ್ನಿ, ಈ ಗುಹೆಗಳ ಕಥೆ ಹೇಳಿ. ಅವರು ಕೇಳುವ ಪ್ರಶ್ನೆಗಳನ್ನು ಕೇಳಲು ನನಗೆ ಬಹಳ ಆಸೆ.

ರಾಮಗಢದ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಮನಸ್ಸು ತಡೆಯದು. ಸಿಪ್ಪಿ ಮೊದಲು ಚಿತ್ರಿಸಿದ ಕೊನೆಯಲ್ಲಿ ಠಾಕೂರ್ ಗಬ್ಬರನನ್ನು ಪೊಲೀಸರಿಗೆ ಒಪ್ಪಿಸುವುದಿಲ್ಲ, ಕಾಲಿನಿಂದ ತುಳಿದೇ ಕೊಲ್ಲುತ್ತಾನೆ. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಮುಕ್ತಾಯ ಬದಲಾಗಿ 1975ರ ಆಗಸ್ಟ್ 15ರಂದು ಸಿನಿಮಾ ತೆರೆಗೆ ಬಂತು. 2025ರಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನರುಜ್ಜೀವನಗೊಳಿಸಿದ ಪ್ರತಿ, ಆ ಮೂಲ ಮುಕ್ತಾಯದ ಸಮೇತ, ಇಟಲಿಯ ಬೊಲೋನಿಯಾದಲ್ಲಿ ದೊಡ್ಡ ಪರದೆಗೆ ಬಂತು. ಇಂಚಿಂಚೂ ಗೊತ್ತು ಎಂದುಕೊಂಡಿದ್ದ ರಾಮಗಢದಲ್ಲಿ, ಥಿಯೇಟರಿನಲ್ಲಿ ಕೂತವರಾರೂ ಕಾಲಿಡದ ಜಾಗವೊಂದು ಅರ್ಧ ಶತಮಾನ ಹಾಗೇ ಉಳಿದಿತ್ತು!