ಕುಶಲಕರ್ಮಿಯ ಕೈಗಳೂ ವೈದ್ಯರ ನಿರಂತರ ಶಿಕ್ಷಣವೂ

ಲೇತ್ ಇರಲಿ, ಹೊಲಿಗೆ ಯಂತ್ರವಿರಲಿ, ಸಣ್ಣ ಕೈಗಾರಿಕೆಯ ನಿಜವಾದ ಬಂಡವಾಳ ನುರಿತ ಕೆಲಸಗಾರರ ಕೈಗಳು. ಆ ಕೈಗಳ ಕೀಲುಗಳನ್ನೇ ಹೆಚ್ಚಾಗಿ ಬಾಧಿಸುವ ರೋಗ ರುಮಟಾಯ್ಡ್ ಸಂಧಿವಾತ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿ ಬೀಳುವುದರಿಂದ ಇದು ಉಂಟಾಗುತ್ತದೆ. ದೆಹಲಿ ಸಮೀಪದ ಗ್ರಾಮಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ವಯಸ್ಕರ ಪೈಕಿ ಶೇ. 0.75ರಷ್ಟು ಮಂದಿಗೆ ಈ ರೋಗವಿರುವುದು ಕಂಡುಬಂದಿತು. ಪುರುಷರಿಗಿಂತ ಮಹಿಳೆಯರಲ್ಲಿ ಇದು ಎರಡು-ಮೂರು ಪಟ್ಟು ಹೆಚ್ಚು. ಆದ್ದರಿಂದ ಸಿದ್ಧ ಉಡುಪು ಘಟಕಗಳು ಇದನ್ನು ವಿಶೇಷವಾಗಿ ಗಮನಿಸಬೇಕಾಗಿದೆ.

ಮೊದಲ ತಿಂಗಳುಗಳ ಮಹತ್ವ

ಬೆಳಗಿನ ಹೊತ್ತು ಬೆರಳುಗಳು ಬಹಳ ಸಮಯ ಬಿಗಿದಿರುವುದು, ಎರಡೂ ಕೈಗಳ ಗೆಣ್ಣುಗಳು ಊದಿಕೊಳ್ಳುವುದು ಇದರ ಆರಂಭಿಕ ಲಕ್ಷಣಗಳು. ಮೂರರಿಂದ ಆರು ತಿಂಗಳೊಳಗೆ ಸೂಕ್ತ ಚಿಕಿತ್ಸೆ ದೊರೆತರೆ ಬಹುತೇಕ ರೋಗಿಗಳ ಕೈಗಳನ್ನು ಕಾಪಾಡಬಹುದು. ಬರಿಯ ನೋವುನಿವಾರಕ ಗುಳಿಗೆಗಳು ನೋವನ್ನು ಮರೆಸುತ್ತವೆಯೇ ಹೊರತು ಮೂಳೆಯ ಸವೆತವನ್ನು ತಡೆಯಲಾರವು.

ಕೆಲಸಗಾರರು ಮೊದಲು ಕಾಣುವುದು ತಜ್ಞರನ್ನಲ್ಲ, ಸಮೀಪದ ಸಾಮಾನ್ಯ ವೈದ್ಯರನ್ನು. ಆ ವೈದ್ಯರ ತಿಳಿವಳಿಕೆ ಎಷ್ಟು ಹೊಸದು ಎಂಬುದೇ ಇಲ್ಲಿ ನಿರ್ಣಾಯಕ. 1987ರ ಮಾನದಂಡಗಳಲ್ಲಿ ಚರ್ಮದಡಿಯ ಗಂಟುಗಳು, ಎಕ್ಸ್-ರೇಯಲ್ಲಿ ತೋರುವ ಸವೆತದಂತಹ ತಡವಾಗಿ ಕಾಣುವ ಲಕ್ಷಣಗಳು ಸೇರಿದ್ದವು. ರೋಗವನ್ನು ಆರಂಭದಲ್ಲೇ ಗುರುತಿಸಲೆಂದು 2010ರಲ್ಲಿ ಅಮೆರಿಕ ಹಾಗೂ ಯೂರೋಪಿನ ತಜ್ಞ ಸಂಸ್ಥೆಗಳು ಹೊಸ ಮಾನದಂಡಗಳನ್ನು ರೂಪಿಸಿದವು. ಹಳೆಯ ಪಾಠವನ್ನಷ್ಟೇ ಓದಿದವರು ಕಾಯುತ್ತಾರೆ. ಕಾಯುವಷ್ಟರಲ್ಲಿ ಕೈ ಸೊಟ್ಟಗಾಗಬಹುದು. ಮುಖ್ಯ ಔಷಧವಾದ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು. ತಪ್ಪಿ ಪ್ರತಿದಿನ ಸೇವಿಸಿದಲ್ಲಿ ಪ್ರಾಣಾಪಾಯವುಂಟು. ಇವೆಲ್ಲ ಪದವಿಯ ನಂತರವೂ ಮತ್ತೆ ಮತ್ತೆ ಕಲಿಯಬೇಕಾದ ಸಂಗತಿಗಳು.

ನಿಯಮ ಮತ್ತು ವೆಚ್ಚ

ಪ್ರತಿ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ನಿರಂತರ ಶಿಕ್ಷಣ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ವಿಧಿಸಿತು. ಗಂಟೆಗಳನ್ನು ನಿಗದಿಪಡಿಸಿದ ಆ ನಿಯಮ ವಿಷಯಗಳನ್ನು ನಿಗದಿಪಡಿಸಲಿಲ್ಲ. ಇಂತಹ ಸಭೆಗಳ ವೆಚ್ಚವನ್ನು ಬಹುಮಟ್ಟಿಗೆ ಔಷಧ ಕಂಪನಿಗಳು ಭರಿಸುತ್ತ ಬಂದಿವೆ. ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರವಾಸ ಪಡೆಯುವುದನ್ನು 2009ರ ತಿದ್ದುಪಡಿ ನಿಷೇಧಿಸಿತು. 2024ರ ಮಾರ್ಚ್‌ನಲ್ಲಿ ಹೊರಬಂದ ಔಷಧ ಮಾರಾಟ ಸಂಹಿತೆಯು ಇಂತಹ ಕಾರ್ಯಕ್ರಮಗಳನ್ನು ವಿದೇಶದಲ್ಲಿ ನಡೆಸಕೂಡದೆಂದೂ, ವೆಚ್ಚದ ವಿವರ ಬಹಿರಂಗಪಡಿಸಬೇಕೆಂದೂ ಹೇಳಿತು.

ಯಾವ ಔಷಧವನ್ನೂ ಮಾರದ ಪ್ರಾಯೋಜಕರಿಗೆ ಇಲ್ಲಿ ಅವಕಾಶವಿದೆ. ಕೈಗಾರಿಕಾ ವಸಾಹತುಗಳ ಸಂಘಗಳು ವರ್ಷಕ್ಕೊಮ್ಮೆ ಸಭಾಂಗಣ ಮತ್ತು ಊಟದ ವ್ಯವಸ್ಥೆ ಒದಗಿಸಿ, ಸಮೀಪದ ವೈದ್ಯಕೀಯ ಕಾಲೇಜಿನ ತಜ್ಞರನ್ನು ಆಹ್ವಾನಿಸಬಹುದು, ಇ.ಎಸ್.ಐ. ಚಿಕಿತ್ಸಾಲಯಗಳ ಹಾಗೂ ಸುತ್ತಲಿನ ಖಾಸಗಿ ವೈದ್ಯರನ್ನು ಸೇರಿಸಬಹುದು. ಪಾಠದ ಆಯ್ಕೆ ಮಾತ್ರ ವೈದ್ಯರದೇ ಆಗಿರತಕ್ಕದ್ದು. 2019ರ ಜುಲೈಯಿಂದ ವೇತನದ ಶೇ. 3.25ರಷ್ಟನ್ನು ಇ.ಎಸ್.ಐ.ಗೆ ತೆರುತ್ತ ಬಂದಿರುವ ಮಾಲೀಕರಿಗೆ ಆ ಹಣ ಸಕಾಲಿಕ ಚಿಕಿತ್ಸೆಯಾಗಿ ಕೆಲಸಗಾರರನ್ನು ತಲುಪುವಂತೆ ನೋಡಿಕೊಳ್ಳುವುದರಲ್ಲಿ ಲಾಭವೂ ಇದೆ, ಧರ್ಮವೂ ಇದೆ.