ಹಂದಿಯ ಹೊಟ್ಟೆಗೂ ಹುಣ್ಣೇ?

ಪ್ರಶ್ನೆ: ಚೆನ್ನಾಗಿ ತಿನ್ನುತ್ತಿದ್ದ ನಮ್ಮ ಹಂದಿ ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಹೊಟ್ಟೆಹುಣ್ಣು ಎಂದರು ಡಾಕ್ಟರು. ಮನುಷ್ಯರಂತೆ ಇದಕ್ಕೂ ಬ್ಯಾಕ್ಟೀರಿಯಾ ಕಾರಣವೇ?
– ಓದುಗರು, ಮುಳಬಾಗಿಲು

ಉತ್ತರ: ಭಾಗಶಃ ಹೌದು. ಮನುಷ್ಯರ ಹೊಟ್ಟೆಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಕಾರಣವೆಂದು ತೋರಿಸಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಹಂದಿಯಲ್ಲಿ ಅದರದೇ ದಾಯಾದಿ ಹೆಲಿಕೋಬ್ಯಾಕ್ಟರ್ ಸೂಯಿಸ್ ಇರುತ್ತದೆ. ಆದರೆ ಹಂದಿಗೆ ಹುಣ್ಣಾಗುವುದು ಹೆಚ್ಚಾಗಿ ಅನ್ನನಾಳ ಜಠರಕ್ಕೆ ಸೇರುವ ಬಾಯಲ್ಲಿ. ಅಲ್ಲಿ ಲೋಳೆಯ ರಕ್ಷಣೆ ಇಲ್ಲ. ಆಮ್ಲ ತಗುಲಿದರೆ ಸುಡುತ್ತದೆ. ಬ್ಯಾಕ್ಟೀರಿಯಾ ಆಮ್ಲದ ಹದ ಕೆಡಿಸಬಹುದು, ಆದರೆ ದೊಡ್ಡ ತಪ್ಪು ಮೇವಿನದು. ಜೋಳವನ್ನು ಮಿಲ್ಲಿನಲ್ಲಿ ಹಿಟ್ಟಿನಂತೆ ನುಣ್ಣಗೆ ಬೀಸಿದರೆ ಜಠರದೊಳಗಿನದು ನೀರಾಗಿ, ಆಮ್ಲ ಮೇಲಕ್ಕೇರುತ್ತದೆ. ಹೊತ್ತು ತಪ್ಪಿದ ಊಟ, ಬಿಸಿಲು, ಸಾಗಾಟದ ಗಾಬರಿಯೂ ಸೇರುತ್ತವೆ.

ಮೈ ಬಿಳಿಚಿಕೊಂಡು, ಸಗಣಿ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿದೆ; ತಡಮಾಡದೆ ಪಶುವೈದ್ಯರನ್ನು ಕರೆಸಿ. ಕೋಲಾರ, ಮಾಲೂರು, ಶ್ರೀನಿವಾಸಪುರದ ಸಾಕಣೆದಾರರಿಗೂ ಇದೇ ಮಾತು: ಜೋಳ ತರಿತರಿಯಾಗಿರಲಿ, ಹುಲ್ಲೂ ಸಿಗಲಿ, ನೀರು ಸದಾ ಇರಲಿ. ಹಂದಿಯ ಈ ಬ್ಯಾಕ್ಟೀರಿಯಾ ಅಪರೂಪಕ್ಕೆ ಮನುಷ್ಯರಿಗೂ ತಗಲುತ್ತದೆ, ಕೊಟ್ಟಿಗೆಯಿಂದ ಬಂದಮೇಲೆ ಸೋಪು ಹಾಕಿ ಕೈ ತೊಳೆಯಿರಿ.