ಎರಿ ಹೊಲಕ್ಕೆ ಉಸುಕು ಹೊಡೆಸೋ ಮುಂಚೆ ಮಣ್ಣು ಪರೀಕ್ಷೆ ಮಾಡಿಸ್ರಿ

ತುರ್ವಿಹಾಳ ಸುತ್ತಿನ ಎರಿ ಹೊಲದಾಗ ನೀರು ನಿಂತರೆ ಇಂಗೋದಿಲ್ಲ, ಒಣಗಿದರೆ ಬಿರುಕು ಬಿಡುತ್ತದೆ. ‘ನಾಲ್ಕು ಟ್ರಿಪ್ ಉಸುಕು ಹೊಡೆಸಿದರೆ ಮಣ್ಣು ಸಡಿಲಾಗ್ತದ’ ಅನ್ನೋ ಸಲಹೆ ಆಗ ಬರುತ್ತದೆ. ರೊಕ್ಕ ಹಾಕುವ ಮೊದಲು ಒಂದು ಲೆಕ್ಕ ನೋಡ್ರಿ.

ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣಿನ ತೂಕ ಸುಮಾರು 900 ಟನ್. ಅದರಲ್ಲಿ ಶೇ. 20ರಷ್ಟು ಉಸುಕು ಇದೆ ಅಂದುಕೊಳ್ಳಿ. ಅದನ್ನು ಶೇ. 30ಕ್ಕೆ ಏರಿಸಲು ಸುಮಾರು 130 ಟನ್ ಬೇಕು. ಟ್ರಿಪ್ಪಿಗೆ ಮೂರು ಟನ್ ಹಿಡಿದರೂ 40ಕ್ಕೂ ಹೆಚ್ಚು ಟ್ರಿಪ್! ನಾಲ್ಕು ಟ್ರಿಪ್ಪಿನಿಂದ ಮಣ್ಣಿನ ಗುಣ ಬದಲಾಗೋದಿಲ್ಲ.

ಗಾಲ್ಫ್ ಮೈದಾನ ಕಟ್ಟುವವರೂ ಉಸುಕನ್ನು ಕಣ್ಣಳತೆಯಲ್ಲಿ ಕೊಳ್ಳುವುದಿಲ್ಲ. ಮೊದಲು ಲ್ಯಾಬಿನಲ್ಲಿ ಜರಡಿ ಹಿಡಿಸುತ್ತಾರೆ. ಅಮೆರಿಕದ ಗಾಲ್ಫ್ ಸಂಸ್ಥೆಯ ನಿಯಮದಂತೆ ಕನಿಷ್ಠ ಶೇ. 60ರಷ್ಟು ಕಣಗಳು 0.25ರಿಂದ 1 ಮಿ.ಮೀ. ಒಳಗಿರಬೇಕು, ಜೇಡಿ ಶೇ. 3 ಮೀರಬಾರದು. ನೀರು ಎಷ್ಟು ಬೇಗ ಇಳಿಯುತ್ತದೆ ಅನ್ನೋದನ್ನೂ ಅಳೆಯುತ್ತಾರೆ. ಹುಲ್ಲಿಗೇ ಇಷ್ಟು ಎಚ್ಚರಿಕೆ ಇದ್ದರೆ ನಮ್ಮ ಭತ್ತ, ಹತ್ತಿ, ಕಡಲೆಗೆ ಬೇಡವೇ?

ನಮ್ಮ ಕಡೆ ಇನ್ನೊಂದು ಮಾತಿದೆ. ನಾಲೆ ನೀರಾವರಿಯ ಹೊಲದಾಗ ನೀರು ಇಂಗದಿರಲು ಬಹಳ ಸಲ ಸವಳು ಕಾರಣ. ಸೋಡಿಯಂ ಹೆಚ್ಚಾದರೆ ಜೇಡಿ ಕಣ ಚದುರಿ ರಂಧ್ರ ಮುಚ್ಚುತ್ತವೆ. ಅಲ್ಲಿ ಉಸುಕು ಹಾಕಿ ಉಪಯೋಗವಿಲ್ಲ. ಜಿಪ್ಸಂ ಹಾಕಿ, ನೀರು ನಿಲ್ಲಿಸಿ, ಬಸಿಗಾಲುವೆಯಿಂದ ಹೊರಗೆ ಹಾಕಬೇಕು. ಎಷ್ಟು ಜಿಪ್ಸಂ ಅನ್ನೋದನ್ನು ಲ್ಯಾಬೇ ಹೇಳಬೇಕು.

ವರದಿ ಓದೋದು ಹೀಗೆ: ವಿದ್ಯುತ್ ವಾಹಕತೆ 4 ಮೀರಿ, ರಸಸಾರ 8.5ಕ್ಕಿಂತ ಕಡಿಮೆ ಇದ್ದರೆ ಉಪ್ಪಿನ ತೊಂದರೆ. ರಸಸಾರ 8.5 ಮೀರಿ, ವಿನಿಮಯ ಸೋಡಿಯಂ ಶೇ. 15 ದಾಟಿದ್ದರೆ ಕ್ಷಾರದ ತೊಂದರೆ, ಜಿಪ್ಸಂ ಬೇಕಾದ್ದು ಇಲ್ಲಿ.

ಮಣ್ಣು ತೆಗೆಯೋದು ಹೀಗೆ:
- ಭತ್ತ ಕೊಯ್ದು ಹೊಲ ಆರಿದ ಮೇಲೆ, ಗೊಬ್ಬರ ಹಾಕುವ ಮುಂಚೆ ತೆಗೀರಿ.
- ಒಡ್ಡು, ತಿಪ್ಪೆ, ಗಿಡದ ನೆರಳು ಬಿಟ್ಟು 8-10 ಕಡೆ ‘ವಿ’ ಆಕಾರದ ಗುಂಡಿ ತೋಡಿ, ಆರು ಇಂಚಿನವರೆಗಿನ ಮಣ್ಣು ಕೆತ್ತಿಕೊಳ್ರಿ.
- ಸವಳಿನ ಅನುಮಾನ ಇದ್ದರೆ ಒಂದು ಅಡಿ, ಎರಡು ಅಡಿ ಆಳದ ಮಣ್ಣು ಬೇರೆ ಬೇರೆ ಚೀಲಕ್ಕೆ ಹಾಕ್ರಿ.
- ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಡುತ್ತಾ ಅರ್ಧ ಕೆಜಿ ಉಳಿಸಿ ನೆರಳಲ್ಲಿ ಒಣಗಿಸ್ರಿ.
- ಹೆಸರು, ಸರ್ವೆ ನಂಬರ್, ಬೆಳೆ ಬರೆದ ಚೀಟಿ ಇರಲಿ. ‘ಉಸುಕು-ಜೇಡಿ ಪ್ರಮಾಣವೂ ಬೇಕು’ ಅಂತ ಬಿಡಿಸಿ ಹೇಳ್ರಿ.

ಉಸುಕು ಕೊಳ್ಳುವವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಬಾಟಲಿಗೆ ಅರ್ಧ ಉಸುಕು, ಮೇಲೆ ನೀರು ಹಾಕಿ ಕುಲುಕಿ ಇಡ್ರಿ. ಉಸುಕು ಒಂದೆರಡು ನಿಮಿಷದಲ್ಲಿ ಕೂರುತ್ತದೆ. ಮರುದಿನ ಮೇಲೆ ದಪ್ಪ ಕೆಸರಿನ ಪದರ ಕಂಡರೆ ಆ ಉಸುಕು ಬೇಡ.

ಗದಗ, ಕೊಪ್ಪಳದ ಮಳೆಯಾಶ್ರಿತ ಎರಿಯಲ್ಲಿ ಉಸುಕನ್ನು ಮೇಲೆ ಹೊದಿಸುವುದು ತೇವ ಉಳಿಸಲು; ಮಣ್ಣಿಗೆ ಬೆರೆಸುವ ಕೆಲಸವೇ ಬೇರೆ. ಸವಳಿನ ಬಗ್ಗೆ ಕೇಳಲು ಗಂಗಾವತಿ ಕೃಷಿ ಸಂಶೋಧನಾ ಕೇಂದ್ರ ಇದೆ. ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸ್ರಿ. ಮೊದಲು ಅರ್ಧ ಕೆಜಿ ಮಣ್ಣು ಲ್ಯಾಬಿಗೆ ಹೋಗಲಿ, ಟ್ರ್ಯಾಕ್ಟರ್ ಆಮೇಲೆ.